ಯಂತ್ರದ ಕಣ್ಣಿಗೆ ಎರಡು ಮೊಳಕಾಲ್ಮೂರು



ನಿಮ್ಮಲ್ಲಿ ಹಲವರು ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಪಿಎಲ್‌ಸಿ ಮುಂದೆ ಕೂತವರು. "ಕನ್ನಡ ಯಂತ್ರಕ್ಕೆ ಒಗ್ಗುವುದಿಲ್ಲ ಕಣ್ರೀ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಈ ಮಾತಿಗೆ ಘೋಷಣೆ ಕೂಗಿ ಉತ್ತರ ಕೊಟ್ಟರೆ ಸಾಲದು. ಯಂತ್ರ ಎರಡು ಪದಗಳನ್ನು ಹೇಗೆ ಹೋಲಿಸುತ್ತದೆ ಎಂದು ತಿಳಿದು ಉತ್ತರ ಕೊಡಬೇಕು.

ಮೊದಲು ಮೊಳಕಾಲ್ಮೂರಿಗೆ ಬನ್ನಿ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದದ್ದು. ಬಂಡೆ ಮೂರು, ಒಕ್ಕಣೆ ಹೆಚ್ಚು ಕಡಿಮೆ ಒಂದೇ. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದಿದೆ. ವಿದ್ವಾಂಸರು ಒಂದರ ಪಕ್ಕ ಇನ್ನೊಂದನ್ನಿಟ್ಟು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಓದಿದರು. ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ! ಲಿಪಿ ಬದಲಾದರೂ ಪದ ಯಾವುದೆಂದು ಬಲ್ಲವರಿಗೆ ಗೊತ್ತಾಯಿತು. ಮನುಷ್ಯನ ಕಣ್ಣು ಅಂಥದ್ದು.

ಪಿಎಲ್‌ಸಿಗೆ ಆ ಕಣ್ಣಿಲ್ಲ. ಅದಕ್ಕೆ ಅಕ್ಷರವೆಂದರೆ ಅಂಕಿ. ದೊಡ್ಡ 'ಎ' 65, ಚಿಕ್ಕ 'ಎ' 97, ಖಾಲಿ ಜಾಗವೂ 32. ಎಡದಿಂದ ಒಂದೊಂದೇ ಅಂಕಿ ನೋಡುತ್ತ ಹೋಗಿ, ಎಲ್ಲಿ ಮೊದಲು ಬೇರೆಯಾಯಿತೋ ಅಲ್ಲೇ ತೀರ್ಪು ಕೊಡುತ್ತದೆ.

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಡಬ್ಬ ತುಂಬುವ ಸಾಲಿಗೆ ಪಿಎಲ್‌ಸಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಸ್ಕ್ಯಾನರ್ ಲೇಬಲ್ ಓದಿ ಕಳಿಸುತ್ತದೆ, ಕೊನೆಗೆ ಕಣ್ಣಿಗೆ ಕಾಣದ 13 ಎಂಬ ಸಂಕೇತವನ್ನೂ ಅಂಟಿಸುತ್ತದೆ. ಪರದೆಯಲ್ಲಿ ಎರಡೂ ಪದ ಒಂದೇ. ಯಂತ್ರ ಮಾತ್ರ ಸರಿಯಿಲ್ಲ ಎಂದು ಸಾಲು ನಿಲ್ಲಿಸುತ್ತದೆ. ತಂಡದ ಸಂಖ್ಯೆಯನ್ನು ಪಠ್ಯವಾಗಿ ಹೋಲಿಸಿದಿರೋ, 10 ಎಂಬುದು 9ಕ್ಕಿಂತ ಚಿಕ್ಕದಾಗುತ್ತದೆ, ಏಕೆಂದರೆ ಮೊದಲ ಅಕ್ಷರ 1. ಇವೆಲ್ಲ ಇಂಗ್ಲಿಷಿನಲ್ಲೇ ಆಗುವ ಫಜೀತಿ, ನೆನಪಿಡಿ. ಆಗ ಯಾರೂ ಇಂಗ್ಲಿಷ್ ಯಂತ್ರಕ್ಕೆ ಒಗ್ಗದು ಎನ್ನುವುದಿಲ್ಲ!

ಈಗ ಕನ್ನಡಕ್ಕೆ ಬರೋಣ. ಯೂನಿಕೋಡಿನಲ್ಲಿ ನಮ್ಮ ಲಿಪಿಗೆ 3200ರಿಂದ 3327ರವರೆಗೆ ಜಾಗವಿದೆ. ಹಳೆಯ ಸ್ಟ್ರಿಂಗ್ ಎಂಬ ಬಗೆಯಲ್ಲಿ ಅಕ್ಷರಕ್ಕೆ ಒಂದೇ ಬೈಟು, ಆದ್ದರಿಂದ ಇದು ಹಿಡಿಸದು. ಐಇಸಿ 61131-3 ಮಾನದಂಡದಲ್ಲಿ ಡಬ್ಲ್ಯೂಸ್ಟ್ರಿಂಗ್ ಎಂಬ ಬಗೆಯಿದೆ, ಅಕ್ಷರಕ್ಕೆ ಎರಡು ಬೈಟು. ಅದರಲ್ಲಿ ಕನ್ನಡ ಸಲೀಸಾಗಿ ಕೂರುತ್ತದೆ. ನಿಮ್ಮ ಯಂತ್ರದಲ್ಲಿ ಅದಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ನಿಜವಾದ ತೊಡಕು ಬೇರೆ ಕಡೆ ಇದೆ. 'ಚಳ್ಳಕೆರೆ' ಎಂದು ಬರೆದರೆ 8 ಸಂಕೇತ, ತಂಟೆಯಿಲ್ಲ. 'ಮೊಳಕಾಲ್ಮೂರು' ಹಾಗಲ್ಲ. ಮೊದಲಕ್ಷರದ ಒ ಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ ಇಡಬಹುದು. ಎರಡೂ ಒಂದೇ ಎಂದು ಯೂನಿಕೋಡೇ ಒಪ್ಪುತ್ತದೆ. ಓದುವವರಿಗೆ ರವೆಯಷ್ಟೂ ವ್ಯತ್ಯಾಸವಿಲ್ಲ. ಪಿಎಲ್‌ಸಿಗೆ ಒಂದು 11, ಇನ್ನೊಂದು 12. ಎರಡು ಬೇರೆ ಊರು! ಈ, ಏ, ಐ, ಒ, ಓ ಈ ಐದು ಸ್ವರಗಳ ಚಿಹ್ನೆಗಳಲ್ಲೂ ಇದೇ ಕತೆ.

ಮದ್ದು ಕಷ್ಟದ್ದಲ್ಲ. ಹೋಲಿಸುವ ಮೊದಲು ಒಡೆದ ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತನ್ನಿ. ಮಾಹಿತಿ ಕಳಿಸುವ ಕಂಪ್ಯೂಟರಿನಲ್ಲೇ ಮಾಡಿದರೆ ಉತ್ತಮ. ಇಲ್ಲವಾದರೆ ಪಿಎಲ್‌ಸಿಯ ಫೈಂಡ್, ರಿಪ್ಲೇಸ್ ಕೆಲಸಗಳಿಂದ ನೀವೇ ಬರೆಯಿರಿ. ನನ್ನ ಕೇಳಿದರೆ, ಮೋಟರು ಓಡಿಸುವ ತೀರ್ಮಾನವನ್ನು ಯಾವ ಭಾಷೆಯ ಪದಕ್ಕೂ ಬಿಡಬೇಡಿ, ಅದಕ್ಕೆ ಅಂಕಿ ಸಾಕು. ಪರದೆಯ ಮೇಲೆ, ಎಚ್ಚರಿಕೆಯ ಮಾತಿನಲ್ಲಿ, ಕೆಲಸಗಾರ ಓದುವಲ್ಲೆಲ್ಲ ಕನ್ನಡವಿರಲಿ. ಅಪಾಯದ ಸೂಚನೆ ಅರ್ಥವಾಗದೆ ಕೈ ಕಳೆದುಕೊಳ್ಳುವವನು ಪ್ರೋಗ್ರಾಂ ಬರೆದವನಲ್ಲ.

ನಾಳೆ ಕೆಲಸಕ್ಕೆ ಹೋದಾಗ ಡಬ್ಲ್ಯೂಸ್ಟ್ರಿಂಗಿನಲ್ಲಿ 'ಮೊಳಕಾಲ್ಮೂರು' ಎಂದು ಹಾಕಿ, ಉದ್ದ ಎಷ್ಟೆಂದು ಕೇಳಿ. 11 ಬಂದರೆ ಮುಂದುವರಿಯಿರಿ. 12 ಬಂದರೆ ನಿಮ್ಮ ಕೀಲಿಮಣೆ ತಂತ್ರಾಂಶವನ್ನು ಮೊದಲು ನೋಡಿ.