ಊರಿಗೆ ಕಿವಿಗೊಟ್ಟು ನಡೆಯೋಣ



ಬೀದಿಯಲ್ಲಿ ನಡೆಯುವಾಗ ನಾವು ಕಣ್ಣನ್ನೇ ನೆಚ್ಚಿಕೊಳ್ಳುತ್ತೇವೆ. ಕಿವಿಯನ್ನು ಮುಂದಿಟ್ಟುಕೊಂಡು ನಡೆದರೆ ಅದೇ ಬೀದಿ ಬೇರೆಯದೇ ಆಗಿ ತೆರೆದುಕೊಳ್ಳುತ್ತದೆ. ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೆ ಶೇಫರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ವ್ಯಾಂಕೂವರ್ ನಗರದ ಸದ್ದುಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದರು. ಆ ತಂಡದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್, ಕೇಳುವುದಕ್ಕೆಂದೇ ನಡೆಯುವ ಈ ನಡಿಗೆಯ ಬಗ್ಗೆ 1974ರಲ್ಲಿ ಪ್ರಬಂಧ ಬರೆದರು.

ಶೇಫರ್ ಊರಿನ ಸದ್ದುಗಳಲ್ಲಿ ಮೂರು ಬಗೆ ಗುರುತಿಸಿದರು. ಸದಾ ಹಿನ್ನೆಲೆಯಲ್ಲಿರುವುದು ಒಂದು. ಅದು ಊರಿನ ಶ್ರುತಿ. ಎಚ್ಚರಿಸುವ, ಕರೆಯುವ ಸದ್ದು ಇನ್ನೊಂದು. ಆ ಜಾಗದ ಗುರುತೇ ಆಗಿಬಿಟ್ಟ ಸದ್ದು ಮೂರನೆಯದು.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೇಸಿಗೆಯ ನಸುಕಿನಲ್ಲಿ ಹೊರಟು ನೋಡಿ. ಪೊರಕೆಯ ಸರಬರ, ಗಂಡು ಕೋಗಿಲೆಯ ಏರುದನಿ, ಅಡುಗೆಮನೆಗಳಿಂದ ಕುಕ್ಕರಿನ ಸೀಟಿ, ದೂರದ ರೈಲಿನ ಕೂಗು, ಕಾಡುಮಲ್ಲೇಶ್ವರ ಗುಡಿಯ ಗಂಟೆ. ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ, ಎಷ್ಟು ದೂರದಿಂದ ಬಂತೆಂದೂ ತಿಳಿಯುತ್ತದೆ. ಹೊತ್ತೇರಿದ ಮೇಲೆ ಸಂಪಿಗೆ ರಸ್ತೆಗೆ ಬನ್ನಿ. ಎಂಜಿನ್ನುಗಳ ಮೊರೆತವೇ ಅಲ್ಲಿ ಶ್ರುತಿ. ಎಂಟನೇ ಕ್ರಾಸಿನಲ್ಲಿ ಹೂವು ಮಾರುವವರು ಅದನ್ನು ಮೀರಿಸಿ ಕೂಗಬೇಕು.

ಕೋಗಿಲೆ ಆಗಲೂ ಹಾಡುತ್ತಿರಬಹುದು. ಆದರೆ ಜೋರು ಸದ್ದು ಮೆಲುದನಿಯನ್ನು ಮುಚ್ಚಿಬಿಡುತ್ತದೆ. ಎಡೆಬಿಡದ ಮೊರೆತಕ್ಕೆ ಮಿದುಳು ಬೇಗ ಒಗ್ಗಿಕೊಳ್ಳುವುದರಿಂದ, ಏನನ್ನು ಕಳೆದುಕೊಂಡೆವೆಂಬುದು ನಮಗೆ ಗೊತ್ತೇ ಆಗುವುದಿಲ್ಲ. ಕಣ್ಣು ಕಾಣದವರಿಗೆ ಈ ನಷ್ಟ ಇನ್ನೂ ದೊಡ್ಡದು. ಹೆಜ್ಜೆಯ ಸಪ್ಪಳ, ಕೋಲಿನ ತಟತಟ, ಗೋಡೆಗೆ ಬಡಿದು ಮರಳುವ ದನಿ, ಇವೇ ಅವರಿಗೆ ದಾರಿ ತೋರುವುದು.

ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಿತೆಂದರೆ ಸದ್ದಿನ ತೀವ್ರತೆ ಹತ್ತುಪಟ್ಟು ಆದಂತೆ. ಮಿತಿ ಕಾಗದದಲ್ಲಿದೆ, ಅದನ್ನು ಕಾಯಬೇಕಾದವರು ಕೇಳಿಸಿಕೊಳ್ಳುವ ಜನ. ಮೆಲುದನಿಗಳ ಬೆಲೆ ತಿಳಿದವರಿಗಷ್ಟೇ ಅವನ್ನು ಉಳಿಸುವ ಮನಸ್ಸು ಬರುತ್ತದೆ.

ನಾಳೆ ಬೆಳಿಗ್ಗೆ ಅರ್ಧ ಗಂಟೆ ನಿಮ್ಮ ಬೀದಿಯಲ್ಲಿ ನಡೆಯಿರಿ. ಇಯರ್‌ಫೋನ್ ಮನೆಯಲ್ಲಿರಲಿ, ಮಾತು ಬೇಡ. ಕೇಳಿಸಿದ್ದನ್ನೆಲ್ಲ ಬರೆದಿಡಿ, ಮಕ್ಕಳಿಂದಲೂ ಬರೆಸಿ. ಗಾಡಿ ಹತ್ತಿದಾಗ, ಅಗತ್ಯವಿಲ್ಲದ ಕಡೆ ಹಾರ್ನ್ ಒತ್ತಬೇಡಿ.