ಬಡಕಲು ನಾಯಿಗೆ ಮೊದಲ ತುತ್ತು

ಮುಧೋಳ ಸೀಮೆಯವರಿಗೆ ಎಲುಬು ಕಾಣುವ ನಾಯಿ ಹೊಸದಲ್ಲ. ಇಲ್ಲಿನ ಬೇಟೆನಾಯಿಯ ಮೈಕಟ್ಟೇ ತೆಳು. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಈ ತಳಿಯ ನಾಯಿಗಳನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ಸೈನ್ಯಕ್ಕೂ ಇಲ್ಲಿಂದ ಮರಿಗಳು ಹೋಗಿವೆ.

ತೆಳ್ಳಗಿರುವುದೇ ಚೆಂದ ಎನ್ನುವ ಇಂಥ ಸೀಮೆಯಲ್ಲಿ, ಲೋಕಾಪುರದ ಓಣಿಯಲ್ಲಿ ಮುದುಡಿ ಮಲಗಿದ ಬೀದಿನಾಯಿ ಹಸಿದು ಸೊರಗಿದೆಯೋ ಹುಟ್ಟಾ ತೆಳ್ಳಗಿದೆಯೋ ತಿಳಿಯುವುದು ಹೇಗೆ? ಪಕ್ಕೆಲುಬು ನೋಡಿದರೆ ಸಾಲದು, ಮಾಂಸಖಂಡ ನೋಡಬೇಕು. ಬೇಟೆನಾಯಿಯ ಪಕ್ಕೆಲುಬು ಒಂದೆರಡು ಕಂಡರೂ ತೊಡೆ ಬಿಗಿಯಾಗಿರುತ್ತದೆ, ಬೆನ್ನೆಲುಬಿನ ಎರಡೂ ಬದಿ ತುಂಬಿರುತ್ತದೆ. ಉಪವಾಸ ಬಿದ್ದ ನಾಯಿಯ ತೊಡೆ ಸೊರಗಿ, ಬೆನ್ನೆಲುಬು ಗಂಟುಗಂಟಾಗಿ ಎದ್ದು, ಕಣ್ಣಿನ ಮೇಲಿನ ಭಾಗ ಗುಳಿಬಿದ್ದಿರುತ್ತದೆ. ಅಂದರೆ ದೇಹ ತನ್ನ ಕೊಬ್ಬನ್ನು ತೀರಿಸಿ ಸ್ನಾಯುವನ್ನೇ ಕರಗಿಸಿಕೊಳ್ಳಲು ಶುರುಮಾಡಿದೆ.

ಅಂಥ ನಾಯಿಯನ್ನು ಕಂಡ ಕೂಡಲೇ ಕರುಳು ಚುರುಕ್ ಎಂದವರು ಮಾಡುವ ಮೊದಲ ಕೆಲಸ, ಓಡಿಹೋಗಿ ಎತ್ತಿಕೊಳ್ಳುವುದು. ಎರಡನೆಯದು, ಹೊಟ್ಟೆ ಬಿರಿಯುವಷ್ಟು ಹಾಕುವುದು. ಎರಡೂ ಅಪಾಯವೇ.

ಎತ್ತಿಕೊಳ್ಳುವ ಮೊದಲು ದೂರದಿಂದ ನೋಡಬೇಕಾದ ಕೆಲವು ಸಂಗತಿಗಳಿವೆ. ಕೆಳದವಡೆ ಜೋತುಬಿದ್ದಿದೆಯೇ, ಜೊಲ್ಲು ಒಂದೇ ಸಮನೆ ಸುರಿಯುತ್ತಿದೆಯೇ, ನೀರು ನುಂಗಲು ಒದ್ದಾಡುತ್ತಿದೆಯೇ, ಬೊಗಳುವ ದನಿ ಒಡೆದಿದೆಯೇ, ನಡೆ ತೂರಾಡುತ್ತಿದೆಯೇ? ಇವು ರೇಬಿಸ್ ಅಂದರೆ ಹುಚ್ಚುನಾಯಿ ರೋಗದ ಲಕ್ಷಣಗಳಾಗಿರಬಹುದು. ಆಗ ಹತ್ತಿರ ಹೋಗದೆ ಪಶು ದವಾಖಾನೆಗೆ ತಿಳಿಸುವುದೇ ಸರಿ. ಮನುಷ್ಯರಲ್ಲಿ ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಂತ ಅಪರೂಪ. ಕಚ್ಚಿದರೆ, ಪರಚಿದರೆ, ತೆರೆದ ಗಾಯಕ್ಕೆ ಜೊಲ್ಲು ತಾಗಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು. ಗಾಯಕ್ಕೆ ಸುಣ್ಣ, ಖಾರದ ಪುಡಿ, ಅರಿಶಿನ ಯಾವುದನ್ನೂ ಮೆತ್ತಬಾರದು. ಬೀದಿನಾಯಿಗಳ ಆರೈಕೆಯನ್ನು ಆಗಾಗ ಮಾಡುವವರು ಕಚ್ಚುವ ಮೊದಲೇ ಮುನ್ನೆಚ್ಚರಿಕೆಯ ಲಸಿಕೆ ಪಡೆದಿರುವುದು ಒಳ್ಳೆಯದು.

ಇನ್ನು ಊಟದ ಮಾತು. ಎರಡನೇ ಮಹಾಯುದ್ಧ ಮುಗಿದಾಗ ಜಪಾನೀಯರ ಸೆರೆಶಿಬಿರಗಳಿಂದ ಬಿಡುಗಡೆಯಾದ ಕೈದಿಗಳಲ್ಲಿ ಕೆಲವರು ಹೊಟ್ಟೆತುಂಬ ಉಂಡ ಮೇಲೆ ತೀರಿಕೊಂಡರು. ವೈದ್ಯರು ಅದರ ಕಾರಣ ಹುಡುಕಿದರು. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಅನ್ನ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ. ನಾಯಿಗೂ ಇದೇ ಆಗುತ್ತದೆ.

ಹಾಗಾಗಿ ಮೊದಲ ತುತ್ತು ಸಣ್ಣದಿರಬೇಕು. ಹತ್ತು ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ದಿನಕ್ಕೆ ಸುಮಾರು 400 ಕ್ಯಾಲರಿ ಬೇಕು. ತೀರಾ ಸೊರಗಿದ ನಾಯಿಗೆ ಮೊದಲ ದಿನ ಅದರ ಕಾಲುಭಾಗ ಸಾಕು. ಒಂದು ಬೇಯಿಸಿದ ತತ್ತಿ, ಮೇಲೊಂದಿಷ್ಟು ಉಪ್ಪು ಖಾರವಿಲ್ಲದ ಬೆಂದ ಕೋಳಿಮಾಂಸ, ಅಷ್ಟೇ. ಅದನ್ನೂ ನಾಲ್ಕಾರು ಸಲಕ್ಕೆ ಹಂಚಿ ಕೊಡಬೇಕು. ಪೂರ್ತಿ ಊಟಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ವಾರವಾಗುತ್ತದೆ. ಓಣಿಯ ನಾಯಿಗೆ ನಮ್ಮ ಕಡೆ ರೊಟ್ಟಿ, ಅನ್ನ, ಹಾಲು ಹಾಕುವುದು ರೂಢಿ. ಗಟ್ಟಿಮುಟ್ಟಾದ ನಾಯಿ ರೊಟ್ಟಿ ತಿಂದು ಅರಗಿಸಿಕೊಳ್ಳುತ್ತದೆ; ಸೊರಗಿದ ನಾಯಿಗೆ ಮೊದಲ ದಿನಗಳಲ್ಲಿ ಬರೀ ಅನ್ನ ರೊಟ್ಟಿ ಸಲ್ಲದು, ಹಾಲು ಕುಡಿಸಿದರೆ ಭೇದಿಯಾಗಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಶುದ್ಧ ನೀರು ಮಾತ್ರ ಸದಾ ಹತ್ತಿರವಿರಲಿ.

ಹಸಿವಿನ ಜೊತೆಗೇ ಬರುವುದು ಹುರುಕು. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಕೂದಲು ಉದುರಿ ಚರ್ಮ ದಪ್ಪಗಾಗುತ್ತದೆ. ಆರೈಕೆ ಮಾಡುವವರ ಕೈಗೂ ಕೆಲ ದಿನ ತುರಿಕೆ ಹತ್ತಬಹುದು, ಅದಕ್ಕೇ ಕೈಗವಸು ಬೇಕು. ಟ್ರ್ಯಾಕ್ಟರಿನ ಸುಟ್ಟ ಆಯಿಲ್, ಸೀಮೆಎಣ್ಣೆ ಬಳಿಯುವ ಹಳೆಯ ಅಭ್ಯಾಸ ನುಸಿಗಿಂತ ನಾಯಿಯನ್ನೇ ಹೆಚ್ಚು ಕಾಡುತ್ತದೆ: ನಾಯಿ ಅದನ್ನು ನೆಕ್ಕುತ್ತದೆ, ಒಡೆದ ಚರ್ಮವೂ ಅದನ್ನು ಹೀರುತ್ತದೆ, ಪೆಟ್ಟು ಬೀಳುವುದು ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ. ಐವರ್‌ಮೆಕ್ಟಿನ್ ಎಂಬ ಔಷಧಿ ಈ ನುಸಿಯನ್ನು ಕೊಲ್ಲುತ್ತದೆ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಕುರಿಗೆ ತಂದಿಟ್ಟ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚಬಾರದು. ಪ್ರಮಾಣ ಹೆಚ್ಚಾದರೆ, ಇಲ್ಲವೇ ತಳಿಗೆ ಒಗ್ಗದಿದ್ದರೆ ಅದು ಮಿದುಳಿಗೇ ಏರುತ್ತದೆ. ತೂಕ ನೋಡಿ ಪಶುವೈದ್ಯರೇ ಕೊಡಬೇಕು.

ಹುಳ ಬಿದ್ದ ಗಾಯಕ್ಕೆ ಮಾತ್ರ ತಡಮಾಡುವಂತಿಲ್ಲ. ನೊಣ ಗಾಯದ ಅಂಚಿನಲ್ಲಿ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆದು, ಹುಳಗಳು ಮಾಂಸ ತಿನ್ನುತ್ತ ಒಳಗೊಳಗೆ ಇಳಿಯುತ್ತವೆ. ಹೊರಗೆ ಹೆಬ್ಬೆರಳ ಗಾತ್ರ ಕಾಣುವ ಗಾಯ ಒಳಗೆ ಅಂಗೈಯಷ್ಟು ಇರಬಹುದು. ಮೈತುಂಬ ಉಣ್ಣಿ ಹತ್ತಿದ್ದರೆ ವಸಡು ನೋಡಬೇಕು. ಅದು ಬಿಳಿಚಿದ್ದರೆ ಉಣ್ಣಿಯಿಂದ ಬರುವ ಜ್ವರ ರಕ್ತವನ್ನು ತಿಂದಿರುವ ಸಾಧ್ಯತೆ ಇದೆ. ಇದಕ್ಕೆ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಮಾತ್ರೆ ಕೊಡಬೇಕಾಗುತ್ತದೆ. ನಾಯಿ ಎದ್ದು ಓಡಾಡಿತೆಂದು ನಡುವೆ ನಿಲ್ಲಿಸಿದರೆ ಜ್ವರ ಮರಳುತ್ತದೆ.

ಬೆಂಗಳೂರಿನಂಥ ನಗರದಲ್ಲಿ ಇಂಥ ನಾಯಿಗಳನ್ನು ಒಯ್ಯಲು ಸಂಸ್ಥೆಗಳಿವೆ. ಅವುಗಳಲ್ಲಿ ಹೆಸರಾದ ಕ್ಯೂಪಾವನ್ನು 1991ರಲ್ಲಿ ಕಟ್ಟಿದವರು ಕ್ರಿಸ್ಟಲ್ ರಾಜರ್ಸ್. ಇಂಗ್ಲೆಂಡಿನಿಂದ ಬಂದ ಈಕೆ ದೆಹಲಿಯಲ್ಲಿ ಸಾಯುತ್ತಿದ್ದ ಕುದುರೆಯೊಂದನ್ನು ಕಂಡು ಪಯಣ ಮೊಟಕುಗೊಳಿಸಿ ಭಾರತದಲ್ಲೇ ಉಳಿದರು. ಮೊದಲು ದೆಹಲಿಯಲ್ಲಿ, ಆಮೇಲೆ ಜೈಪುರದಲ್ಲಿ ಪ್ರಾಣಿಗಳಿಗೆ ಆಸರೆ ಕಟ್ಟಿದ ಬಳಿಕ, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಈ ಕೆಲಸ ಶುರುಮಾಡಿದರು. ಚಿಕ್ಕ ಊರುಗಳಲ್ಲಿ ಇರುವ ಆಧಾರ ಪಶು ದವಾಖಾನೆ ಮತ್ತು 1962 ಸಹಾಯವಾಣಿ. ಪಶು ಸಂಜೀವಿನಿ ಸಂಚಾರಿ ವಾಹನವನ್ನು ಕರೆಯುವುದು ಈ ಸಂಖ್ಯೆಯಿಂದ. ಉಳಿದದ್ದು ಓಣಿಯವರ ಪಾಳಿ: ನೆರಳಿರುವ ಮೂಲೆ, ಹಾಸಲು ಗೋಣಿತಟ್ಟು, ಹೊತ್ತಿಗೆ ಸರಿಯಾಗಿ ಊಟ. ಹೊಡೆತ ತಿಂದ ನಾಯಿ ಎತ್ತಿದ ಕೈ ಕಂಡರೆ ಬೆದರುತ್ತದೆ. ಒಬ್ಬರೇ, ದಿನವೂ ಅದೇ ಹೊತ್ತಿಗೆ ಬಂದು, ತುಸು ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತರೆ ಅದೇ ಒಂದು ದಿನ ಮೂಸಲು ಬರುತ್ತದೆ.

ಗುಣವಾದ ಮೇಲೆ ಮುಂದೇನು? ಸಾಕುವವರು ಸಿಕ್ಕರೆ ಸರಿ. ಸಿಗದಿದ್ದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಆಗಬೇಕು, ಬಳಿಕ ಅದನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬಿಸ್ ತಗಲಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಲ್ಲಿ ಹಿಡಿದವುಗಳನ್ನು ಹಾಗೆ ಮರಳಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ತುದಿಗೆ ಗುರುತಿನ ಕಚ್ಚು ಇರುತ್ತದೆ. ರೇಬಿಸ್ ಲಸಿಕೆಯನ್ನು ಮಾತ್ರ ವರ್ಷವರ್ಷವೂ ಹಾಕಿಸಬೇಕು. ಆ ಲಸಿಕೆಯ ಚೀಟಿ ಯಾರ ಮನೆಯಲ್ಲಿರಬೇಕು, ಮುಂದಿನ ತಾರೀಖು ಯಾರು ನೆನಪಿಡಬೇಕು ಎಂಬುದನ್ನು ನಾಯಿಯನ್ನು ಓಣಿಗೆ ಬಿಡುವ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ.