ತಾರೀಖಿಲ್ಲದ ನಿವೃತ್ತಿ

(ಚೆನ್ನೈನ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಾಹಿತ್ಯವನ್ನೋ ಆಡಳಿತವನ್ನೋ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದರು. ಆಡಳಿತದ ಬಗ್ಗೆ ಬಾಯಿ ತೆರೆಯಲು ನನ್ನಂಥ ಕೇಂದ್ರ ಸರ್ಕಾರದ ನೌಕರನಿಗೆ ನಡತೆ ನಿಯಮಗಳು ಅಡ್ಡ ಬರುತ್ತವೆ. ಸಾಹಿತ್ಯವನ್ನು ನನಗಿಂತ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ಆದ್ದರಿಂದ ಗುಂಡಪ್ಪ ವಿಶ್ವನಾಥ್ ಅವರು ಟೆಸ್ಟ್ ಕ್ರಿಕೆಟ್ಟಿನಿಂದ ಮರೆಯಾದಾಗ ಶಿವಮೊಗ್ಗದ ಒಬ್ಬ ಹುಡುಗನಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ. ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಮೂವತ್ತು ವರ್ಷ ಹೊರನಾಡಿನಲ್ಲಿ ಕಳೆದ ನನಗೆ ಹಾಗೆ ತೋರುವುದಿಲ್ಲ.

ಸರ್ಕಾರಿ ನೌಕರನ ನಿವೃತ್ತಿ ಅವನು ಸೇವೆಗೆ ಸೇರಿದ ದಿನವೇ ನಿಶ್ಚಯವಾಗಿರುತ್ತದೆ. ಜನ್ಮದಿನಾಂಕ ಸೇವಾ ಪುಸ್ತಕದಲ್ಲಿ ದಾಖಲಾದರೆ ಮುಗಿಯಿತು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ನಾಲ್ಕು ಒಳ್ಳೆಯ ಮಾತು. ಆಟಗಾರರಲ್ಲಿಯೂ ಕೆಲವರಿಗೆ ಅಂಥ ದಿನ ದೊರೆಯುತ್ತದೆ. 2008ರ ನವೆಂಬರ್ 2ರಂದು ಅನಿಲ್ ಕುಂಬ್ಳೆ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ, ಹೊಲಿಗೆ ಹಾಕಿದ ಬೆರಳಿನೊಡನೆ, 619 ವಿಕೆಟ್ಟುಗಳ ನಂತರ ವಿದಾಯ ಹೇಳಿದರು. ಆಗ ನಾನು ದೆಹಲಿಯಲ್ಲಿದ್ದೆ. ಸಂಗಡಿಗರು ಅವರನ್ನು ಹೆಗಲ ಮೇಲೆ ಹೊತ್ತು ಮೈದಾನದಲ್ಲಿ ನಡೆದುದನ್ನು ಕಣ್ಣಾರೆ ಕಂಡೆ. ರಾಹುಲ್ ದ್ರಾವಿಡ್ 2012ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪತ್ರಕರ್ತರೆದುರು ನಿವೃತ್ತಿ ಘೋಷಿಸಿದರು. ದುಃಖ ಪಡುವವರಿಗೆ ಪಂಚಾಂಗದಲ್ಲಿ ಒಂದು ದಿನವಾದರೂ ಸಿಕ್ಕಿತು. ವಿಶ್ವನಾಥರ ಅಭಿಮಾನಿಗಳಿಗೆ ಅದೂ ಸಿಗಲಿಲ್ಲ.

ಅವರು ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. ನಮ್ಮ ಮನೆಯಿಂದ ಹನ್ನೆರಡು ಮೈಲಿಯಾಚೆ. ಬೆಳೆದದ್ದು ಬೆಂಗಳೂರಿನಲ್ಲಾದರೂ ಜಿಲ್ಲೆಯ ಹುಡುಗರು ಆ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆಯಿತು. ಅದೇ ಸಾಲಿನ ರಣಜಿ ಸೆಮಿಫೈನಲ್ಲಿನಲ್ಲಿ, ಸತತ ಹದಿನೈದು ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ಮುಂಬೈಯನ್ನು ನಮ್ಮವರು ಬೆಂಗಳೂರಿನಲ್ಲಿ ಹಿಂದಿಕ್ಕಿದರು. ವಿಶ್ವನಾಥ್ 162 ಹೊಡೆದರು. ಏಕೀಕರಣದ ಅರ್ಥವನ್ನು ಎಷ್ಟೋ ಮನೆಗಳಿಗೆ ತಿಳಿಸಿಕೊಟ್ಟದ್ದು ಶಾಸನಸಭೆಯ ನಿರ್ಣಯವಲ್ಲ, ಆ ಗೆಲುವು ಎಂದು ನನ್ನ ಸೋದರಮಾವ ಹೇಳುತ್ತಿದ್ದರು. ಅವರು ಮಾತನ್ನು ಸ್ವಲ್ಪ ಹೆಚ್ಚು ಮಾಡಿಯೇ ಆಡುವವರು. ಆದರೂ ಈ ಮಾತನ್ನು ನಾನು ತಳ್ಳಿಹಾಕಲಾರೆ.

ಆದರೆ ವಿಶ್ವನಾಥರ ಆಟಕ್ಕೆ ನಿಜವಾದ ತವರು ಈ ಊರಿನ ಚೆಪಾಕ್. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದಾಗ ಅದರಲ್ಲಿ 97 ಇವರದು, ಔಟಾಗದೆ. ಕೊನೆಯ ಜೊತೆಗಾರ ಚಂದ್ರಶೇಖರ್ ನಿರ್ಗಮಿಸಿದಾಗ ನೂರಕ್ಕೆ ಮೂರು ಕಡಿಮೆ. ಏಳು ವರ್ಷದ ನಾನು ಆ ಮೂರು ರನ್ನಿಗಾಗಿ ರೇಡಿಯೋ ಮುಂದೆ ಅತ್ತೆ. ಪಂದ್ಯವನ್ನು ನಾವು ನೂರು ರನ್ನುಗಳಿಂದ ಗೆದ್ದದ್ದೂ ನನ್ನನ್ನು ಸಮಾಧಾನಪಡಿಸಲಿಲ್ಲ. 1979ರಲ್ಲಿ ಅದೇ ಮೈದಾನದಲ್ಲಿ 124. 1982ರಲ್ಲಿ ಇಂಗ್ಲೆಂಡಿನ ವಿರುದ್ಧ 222. ಯಶ್‌ಪಾಲ್ ಶರ್ಮರೊಡನೆ ಇಡೀ ಒಂದು ದಿನ ವಿಕೆಟ್ ಬೀಳದಂತೆ ಆಡಿದರು. ಮೂರೂ ಸಂಕ್ರಾಂತಿಯ ಆಸುಪಾಸಿನಲ್ಲಿ. ನಮ್ಮ ಮನೆಯಲ್ಲಿ ಎಳ್ಳು-ಬೆಲ್ಲದ ತಟ್ಟೆ ರೇಡಿಯೋದ ಪಕ್ಕದಲ್ಲೇ ಇರುತ್ತಿತ್ತು.

ರನ್ನುಗಳ ಮಾತನ್ನು ಇಲ್ಲಿಗೆ ಬಿಡುತ್ತೇನೆ. 91 ಟೆಸ್ಟುಗಳಲ್ಲಿ 6080 ರನ್, 14 ಶತಕ. ಅವರು ಶತಕ ಹೊಡೆದ ಯಾವ ಟೆಸ್ಟಿನಲ್ಲೂ ಭಾರತ ಸೋಲಲಿಲ್ಲ. ಅಧಿಕಾರಿಯಾಗಿ ನಾನು ಹೆಚ್ಚು ನೆನೆಯುವುದು 1980ರ ಮುಂಬೈ ಟೆಸ್ಟನ್ನು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪು ಕೊಟ್ಟಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಕಂಡ ನಾಯಕ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್, ಬಾಥಮ್ ಇಬ್ಬರೂ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಕಡತದ ಮೇಲೆ ಒಮ್ಮೆ ಸಹಿ ಬಿದ್ದ ಮೇಲೆ ಅದನ್ನು ಹಿಂದಕ್ಕೆ ತರಿಸುವುದು, ಅದೂ ನಮಗೆ ಅನುಕೂಲವಾದ ಸಹಿಯನ್ನು, ಎಷ್ಟು ಕಷ್ಟವೆಂಬುದನ್ನು ಈ ಸಭೆಯಲ್ಲಿರುವ ನೌಕರ ಮಿತ್ರರು ಬಲ್ಲರು. ಅದರಿಂದ ಪಂದ್ಯ ಹೋಯಿತೆಂದು ಹಳಿಯುವವರು ಇಂದಿಗೂ ಇದ್ದಾರೆ. ಇರಲಿ.

1982-83ರ ಪಾಕಿಸ್ತಾನ ಪ್ರವಾಸದಲ್ಲಿ ಇಮ್ರಾನ್ ಖಾನ್ 40 ವಿಕೆಟ್ ಪಡೆದರು. ವಿಶ್ವನಾಥರಿಗೆ ಆ ಸರಣಿ ಒಲಿಯಲಿಲ್ಲ. ಕರಾಚಿಯ ಕೊನೆಯ ಟೆಸ್ಟ್ ಮುಗಿದ ಕೆಲವೇ ದಿನಗಳಲ್ಲಿ ಅವರಿಗೆ 34 ತುಂಬಿತು. ನಾನಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ವೆಸ್ಟ್ ಇಂಡೀಸಿಗೆ ಹೊರಟ ತಂಡದ ಪಟ್ಟಿ ಪತ್ರಿಕೆಯಲ್ಲಿ ಬಂದಾಗ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಅಚ್ಚಿನಲ್ಲಿ ಬಿಟ್ಟುಹೋಗಿರಬಹುದೆಂದು ಮಾವನವರ ಮನೆಗೆ ಹೋಗಿ ಅಲ್ಲಿಯ ಇನ್ನೊಂದು ಪತ್ರಿಕೆಯನ್ನೂ ನೋಡಿದೆ. “ಮುಂದಿನ ಸಲ ಬರ್ತಾನೆ ಬಿಡೋ” ಎಂದರು ಮಾವ. ಆ ವರ್ಷ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆ ಪಂದ್ಯಾವಳಿಯಲ್ಲಿ ನಮ್ಮ ರೋಜರ್ ಬಿನ್ನಿ 18 ವಿಕೆಟ್ ಪಡೆದಿದ್ದರು, ಸ್ಟಂಪುಗಳ ಹಿಂದೆ ಕಿರ್ಮಾನಿ ಇದ್ದರು. ಬೀದಿಯಲ್ಲಿ ಪಟಾಕಿ ಸಿಡಿಯುತ್ತಿದ್ದಾಗ ನನ್ನ ಸಂತೋಷ ಪೂರ್ತಿಯಾಗಲಿಲ್ಲ. ಮುಂದಿನ ಸಲ ಬರಲೇ ಇಲ್ಲ. ರಣಜಿಯಲ್ಲಿ ಅವರು ಇನ್ನೂ ಕೆಲವು ವರ್ಷ ಆಡಿದರು. ಆದ್ದರಿಂದ ಹೋದರೆಂದು ಅಳುವುದಕ್ಕೂ ಆಗಲಿಲ್ಲ, ಇದ್ದಾರೆಂದು ನಂಬುವುದಕ್ಕೂ ಆಗಲಿಲ್ಲ. ಆಯ್ಕೆಯನ್ನು ನಾನು ದೂರುವುದಿಲ್ಲ. ಅಂಕಿಗಳು ಅವರ ಪರವಾಗಿರಲಿಲ್ಲ. ಆದರೆ ಹದಿನೈದರ ಹುಡುಗನಿಗೆ ಅಂಕಿಯ ನ್ಯಾಯ ಸಾಲದು. ಬೀಳ್ಕೊಡಲು ಅವನಿಗೊಂದು ಮಧ್ಯಾಹ್ನ ಬೇಕು.

ಈ ಊರಿಗೆ ನನಗೆ ವರ್ಗವಾದಾಗ ಬಂಧುಗಳು ಕಾವೇರಿಯ ಮಾತೆತ್ತಿ ಎಚ್ಚರಿಸಿದರು. 1991ರ ಡಿಸೆಂಬರನ್ನು ಎರಡು ಕಡೆಯವರೂ ಮರೆತಿಲ್ಲ. ಆದರೆ ನಾನು ಕರ್ನಾಟಕದವನೆಂದು ತಿಳಿದ ಕೂಡಲೇ ನಮ್ಮ ಕಚೇರಿಯ ಒಬ್ಬ ತಮಿಳು ಹಿರಿಯರು, ಈಗ ನಿವೃತ್ತರು, ಕೇಳಿದ್ದು ನೀರಿನ ವಿಷಯವನ್ನಲ್ಲ, “ವಿಶಿಯವರನ್ನು ನೋಡಿದ್ದೀರಾ?” ಎಂದು. ಇಲ್ಲ, ಆಡುವುದನ್ನು ಕೇಳಿದ್ದೇನೆ ಎಂದೆ. 97ರ ದಿನ ಅವರು ಮೈದಾನದಲ್ಲಿದ್ದವರು. ಒಂದು ಸಂಜೆ ನನ್ನನ್ನು ಚೆಪಾಕಿಗೆ ಕರೆದೊಯ್ದರು. 2011ರ ವಿಶ್ವಕಪ್ಪಿನ ಹೊತ್ತಿಗೆ ಕ್ರೀಡಾಂಗಣವನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿದ್ದರಿಂದ ತಾವು ಕುಳಿತಿದ್ದ ಜಾಗ ಅವರಿಗೆ ಸಿಗಲಿಲ್ಲ. ಹೊರಗಿನ ರಸ್ತೆಯಲ್ಲೇ ನಿಂತು, ಮಣಿಕಟ್ಟನ್ನು ಒಮ್ಮೆ ತಿರುಗಿಸಿ, ಗೋಡೆಯಾಚೆಗೆ ಕೈ ತೋರಿಸಿದರು: ರಾಬರ್ಟ್ಸ್‌ನ ಚೆಂಡು ಥರ್ಡ್ ಮ್ಯಾನ್ ಕಡೆಗೆ ಹೀಗೆ ಹೋಯಿತು, ಇಲ್ಲಿಂದ ಹೀಗೆ.